ಕ್ಷಣದಲ್ಲಿ ಮೂಡುವ ಪರದೆ



ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯಗಳು ಮೊದಲೇ ರಚಿತವಾಗಿರುತ್ತವೆ. ಅರ್ಥಧಾರಿಯ ಮಾತಾದರೋ ಸಭೆಯಲ್ಲಿ ಆ ಕ್ಷಣವೇ ಹುಟ್ಟುತ್ತದೆ. ಇಂದಿನ ಜಾಲತಾಣಗಳ ಪರದೆಯೂ ಹಾಗೆಯೇ.

1990ರ ದಶಕದ ಆರಂಭದಲ್ಲಿ ಜಾಲಪುಟವು ಬಹುಮಟ್ಟಿಗೆ ಅಚ್ಚಾದ ಹಾಳೆಯಂತಿತ್ತು, ಬರೆದಿಟ್ಟುದನ್ನೇ ತೋರುತ್ತಿತ್ತು. 1995ರಲ್ಲಿ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆ ಬಂದ ಮೇಲೆ, ಪುಟವು ಕ್ರಮೇಣ ನಮ್ಮ ಕಣ್ಣೆದುರಿನಲ್ಲಿಯೇ ತನ್ನನ್ನು ತಿದ್ದಿಕೊಳ್ಳಲು ಕಲಿಯಿತು. ಅರ್ಜಿಯೊಂದರಲ್ಲಿ ‘ವಿದ್ಯಾರ್ಥಿ’ ಎಂದು ಗುರುತು ಮಾಡಿದೊಡನೆ ಶಾಲೆ, ತರಗತಿಗಳನ್ನು ಕೇಳುವ ಅಂಕಣಗಳು ಮೂಡುತ್ತವೆ. ‘ಕೃಷಿಕ’ ಎಂದರೆ ಅವು ಮರೆಯಾಗಿ ಜಮೀನಿನ ಅಂಕಣಗಳು ಬರುತ್ತವೆ. ಈ ಪರದೆಗಳನ್ನು ಯಾರೂ ಒಂದೊಂದಾಗಿ ಬರೆದಿಟ್ಟಿಲ್ಲ, ನಿಯಮಗಳನ್ನಷ್ಟೇ ಬರೆದಿದ್ದಾರೆ.

ನಮಗೆ ಮುಖ್ಯವಾದುದು ಇನ್ನೊಂದಿದೆ. ಚೆನ್ನಾಗಿ ರಚಿಸಿದ ತಾಣದಲ್ಲಿ ಪರದೆಯ ನುಡಿಗಳನ್ನು ನಿಯಮಗಳಿಂದ ಬೇರ್ಪಡಿಸಿ, ಭಾಷೆಗೊಂದರಂತೆ ಪಟ್ಟಿಗಳಲ್ಲಿ ಇರಿಸುತ್ತಾರೆ. ನಾವು ಆರಿಸಿಕೊಂಡ ಭಾಷೆ ಯಾವುದೆಂಬುದನ್ನು ಬ್ರೌಸರು ತಾಣಕ್ಕೆ ತಿಳಿಸುತ್ತದೆ. ಆ ಭಾಷೆಯ ಪಟ್ಟಿಯಿಂದ ಪದಗಳು ಬಂದು ಪರದೆಯಲ್ಲಿ ಕೂಡುತ್ತವೆ. ಕನ್ನಡದ ಪಟ್ಟಿಯೇ ಇಲ್ಲದಿದ್ದರೆ, ಸಾಮಾನ್ಯವಾಗಿ ಆ ಎಡೆಯಲ್ಲಿ ಇಂಗ್ಲಿಷ್ ಬಂದು ಕುಳಿತುಕೊಳ್ಳುತ್ತದೆ.

ಆದುದರಿಂದ ಗಡಿಯಾಚೆಯ ನಾವು, ‘ಇಡೀ ತಾಣವನ್ನು ಕನ್ನಡಕ್ಕಾಗಿ ಹೊಸದಾಗಿ ಕಟ್ಟಿರಿ’ ಎಂದು ಬೇಡಬೇಕಾಗಿಲ್ಲ. ‘ನಮ್ಮ ಪಟ್ಟಿಯನ್ನೂ ಸೇರಿಸಿರಿ’ ಎಂದು ಕೇಳಬೇಕು. ನಮ್ಮ ಫೋನು, ಬ್ರೌಸರುಗಳಲ್ಲಿ ಕನ್ನಡವನ್ನೇ ಆರಿಸಿಕೊಳ್ಳೋಣ. ತಿಳಿಯಾದ ಪದಗಳನ್ನು ಒದಗಿಸುವ ಭಾರವನ್ನು ನಮ್ಮಂತಹ ಕನ್ನಡ ಉಪಾಧ್ಯಾಯರು ಹೊರೋಣ. ಅರ್ಥಧಾರಿಯು ಮಾತಿಲ್ಲದೆ ತಡವರಿಸಿದರೆ, ತಪ್ಪು ಪ್ರಸಂಗದ್ದಲ್ಲವಷ್ಟೆ!