ಆಸ್ಪತ್ರೆ ಸೇರಿದವರಲ್ಲಿ ಬದುಕಿ ಬಂದವರು ಯಾರು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



"ಕೊರೊನಾ ಮುಗೀತಲ್ಲ ಸಿಸ್ಟರ್, ಈಗ್ಯಾಕೆ ಆ ಮಾತು?" ಎಂದು ನೀವು ಕೇಳಬಹುದು. ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿದ್ದು ನಿಜ. ಆದರೆ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಒಂದೇ ವಾರ್ಡಿನಲ್ಲಿ ಮಲಗಿದ್ದ ಇಬ್ಬರಲ್ಲಿ ಒಬ್ಬರು ಮನೆಗೆ ಬಂದರು, ಇನ್ನೊಬ್ಬರು ಬರಲಿಲ್ಲ. ಯಾಕೆ? ಹಣೆಬರಹ ಎನ್ನುವವರಿದ್ದಾರೆ. ಆಯುಸ್ಸು ದೇವರ ಕೈಯಲ್ಲಿದೆ ಎಂದು ನಾನೂ ನಂಬುತ್ತೇನೆ. ಆದರೂ ನಮ್ಮ ಕೈಯಲ್ಲಿರುವ ಕೆಲಸವನ್ನು ನಾವೇ ಮಾಡಬೇಕಲ್ಲವೇ?

ಮೊದಲ ಕಾರಣ ವಯಸ್ಸು. ಎಲ್ಲ ದೇಶಗಳಲ್ಲೂ ಹಿರಿಯರೇ ಹೆಚ್ಚಾಗಿ ತೀರಿಕೊಂಡರು. ಹೆಂಗಸರಿಗಿಂತ ಗಂಡಸರು ಹೆಚ್ಚು. ಇದನ್ನು ಬದಲಿಸಲು ನಮ್ಮಿಂದಾಗದು.

ಎರಡನೆಯದು ಮೊದಲೇ ಇದ್ದ ಕಾಯಿಲೆ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯ ಮತ್ತು ಕಿಡ್ನಿಯ ತೊಂದರೆ, ಅತಿಯಾದ ಬೊಜ್ಜು ಇದ್ದವರಿಗೆ ಅಪಾಯ ಹೆಚ್ಚಿತ್ತು. ಇಲ್ಲಿ ನಮ್ಮ ಕೆಲಸವಿದೆ. ಗಂಡನ ಮಾತ್ರೆ ಮುಗಿದರೆ ಪೇಟೆಗೆ ಓಡುತ್ತೇವೆ. ನಮ್ಮದು ಮುಗಿದರೆ "ಬರುವ ಸಂತೆಗೆ ನೋಡೋಣ" ಅನ್ನುತ್ತೇವೆ. ಎಷ್ಟೋ ಹೆಂಗಸರಿಗೆ ತಮಗೆ ಸಕ್ಕರೆ ಕಾಯಿಲೆ ಇರುವುದೇ ಗೊತ್ತಿರುವುದಿಲ್ಲ.

ಮೂರನೆಯದು ಆಸ್ಪತ್ರೆಗೆ ಬಂದ ದಿನ. ಈ ರೋಗದಲ್ಲಿ ಏದುಸಿರು ಬರುವ ಮೊದಲೇ ರಕ್ತದಲ್ಲಿ ಆಮ್ಲಜನಕ ಇಳಿಯಬಹುದು. ರೋಗಿ ಮಾತಾಡುತ್ತಲೇ ಇರುತ್ತಾರೆ, ಒಳಗೆ ಶ್ವಾಸಕೋಶ ಸೋಲುತ್ತಿರುತ್ತದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬಾರದು. ಕಷಾಯ ಕುಡಿದು ನಾಲ್ಕು ದಿನ ನೋಡೋಣ ಎಂದವರು ಬಹಳ ತಡವಾಗಿ ಬಂದರು.

ನಾಲ್ಕನೆಯದು ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದಾದ ದುರಂತವನ್ನು ನಾವು ಮರೆಯಬಾರದು. ಔಷಧಿಯೂ ಮುಖ್ಯವಾಗಿತ್ತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಜೀವ ಉಳಿಸುತ್ತದೆಂದು 2020ರ ಜೂನ್‌ನಲ್ಲಿ ಇಂಗ್ಲೆಂಡಿನ ವೈದ್ಯರು ತೋರಿಸಿದರು. ವೆಂಟಿಲೇಟರ್‌ನಲ್ಲಿದ್ದ 100 ಜನರಲ್ಲಿ ಈ ಔಷಧಿ ಇಲ್ಲದೆ ಸುಮಾರು 41 ಮಂದಿ ಸತ್ತರೆ, ಕೊಟ್ಟಾಗ ಸತ್ತವರು 29. ಆದರೆ ಆಮ್ಲಜನಕದ ಅಗತ್ಯವಿಲ್ಲದವರಿಗೆ ಇದರಿಂದ ಲಾಭವಾಗಲಿಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಬಂದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯಿತ್ತು, ಹಲವರು ಸ್ಟಿರಾಯ್ಡ್ ತೆಗೆದುಕೊಂಡಿದ್ದರು. ಆದ್ದರಿಂದ ಡಾಕ್ಟರನ್ನು ಕೇಳದೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ.

ಐದನೆಯದು ಲಸಿಕೆ. ನಮ್ಮ ದೇಶದಲ್ಲಿ ಅದು ಶುರುವಾದದ್ದು 2021ರ ಜನವರಿ 16ರಂದು. ಎರಡನೇ ಅಲೆ ಬಂದಾಗ ಹೆಚ್ಚಿನವರಿಗೆ ಇನ್ನೂ ಸಿಕ್ಕಿರಲಿಲ್ಲ. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಸಹೋದರಿಯರೇ, ಲೆಕ್ಕ ಹಾಕಿ ನೋಡಿ. ಈ ಐದರಲ್ಲಿ ಮೂರು ವಿಷಯ ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ನಮ್ಮ ಮನೆಯಲ್ಲಿ ತೀರ್ಮಾನವಾಗುತ್ತವೆ. ನಾಳೆ ನ್ಯುಮೋನಿಯಾ ಬಂದರೂ ಇದೇ ಮಾತು. ಹಾಗಾಗಿ ಮುಂದಿನ ವಾರದ ಸಭೆಯಲ್ಲಿ ಈ ನಿರ್ಣಯಗಳನ್ನು ಪುಸ್ತಕದಲ್ಲಿ ಬರೆಯಿರಿ:

1. 30 ವರ್ಷ ದಾಟಿದ ಸದಸ್ಯೆಯರೆಲ್ಲ ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸುವುದು.

2. ಸಂಘಕ್ಕೊಂದು ಪಲ್ಸ್ ಆಕ್ಸಿಮೀಟರ್ ಇಟ್ಟುಕೊಳ್ಳುವುದು, ಬಳಸಲು ಆಶಾ ಕಾರ್ಯಕರ್ತೆಯಿಂದ ಕಲಿಯುವುದು.

3. ಕಾಯಿಲೆಯ ಸಾಲಕ್ಕೆ ವಾರದ ಸಭೆಯವರೆಗೆ ಕಾಯಿಸದೆ, ಅಧ್ಯಕ್ಷೆ ಮತ್ತು ಕಾರ್ಯದರ್ಶಿಯ ಒಪ್ಪಿಗೆಯಿಂದ ಅಂದೇ ಕೊಡುವುದು.

4. ಸದಸ್ಯೆ ಆಸ್ಪತ್ರೆ ಸೇರಿದರೆ ಅವಳ ಮಕ್ಕಳ ಊಟ, ಹಟ್ಟಿಯ ದನ ಉಳಿದವರು ನೋಡಿಕೊಳ್ಳುವುದು.

ಈ ನಾಲ್ಕನೆಯದನ್ನು ಸಣ್ಣದೆಂದು ತಿಳಿಯಬೇಡಿ. "ನಾನು ಹೋದರೆ ಹಾಲು ಕರೆಯುವವರು ಯಾರು?" ಎಂಬ ಒಂದೇ ಚಿಂತೆಯಿಂದ ಹೆಂಗಸು ಎರಡು ದಿನ ತಡ ಮಾಡುತ್ತಾಳೆ. ಆ ಎರಡು ದಿನವನ್ನು ಅವಳಿಗೆ ಉಳಿಸಿಕೊಡಲು ಸಂಘದಿಂದ ಸಾಧ್ಯ. ಹಣ ಕೂಡಿಸಲು ಕಲಿತ ನಾವು ಜೀವ ಉಳಿಸಲೂ ಕಲಿಯೋಣ.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.