ಗುರು ಪಕ್ಕದಲ್ಲಿ ಇಲ್ಲದ ದಿನ



ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ಆದ್ದರಿಂದ ರೋಗಿಯ ಕಡೆ ನಿಂತೇ ಒಂದು ಪ್ರಶ್ನೆ ಕೇಳುತ್ತೇನೆ. ತರಬೇತಿ ಮುಗಿಸಿದ ಸರ್ಜನ್ ಮೊದಲ ಬಾರಿ ಒಬ್ಬರೇ ಶಸ್ತ್ರಚಿಕಿತ್ಸೆಗೆ ನಿಂತಾಗ ಮೇಜಿನ ಮೇಲೆ ಮಲಗಿರುವವರು ಯಾರು? ನಮ್ಮಲ್ಲೇ ಒಬ್ಬರು. ಆ ದಿನಕ್ಕೆ ಅವರನ್ನು ಸಿದ್ಧಗೊಳಿಸುವುದು ಹೇಗೆ?

ಪ್ರಶ್ನೆ ಹೊಸದಲ್ಲ. ಎಲ್ಲ ಶಾಸ್ತ್ರ ಓದಿದ್ದರೂ ಅಭ್ಯಾಸವಿಲ್ಲದವನು ಕೆಲಸಕ್ಕೆ ಅನರ್ಹ ಎನ್ನುತ್ತದೆ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಹೊಲಿಯುವುದನ್ನು ಬಟ್ಟೆ ಮತ್ತು ಮೆದು ಚರ್ಮದ ಮೇಲೆ ಕಲಿಸಬೇಕು. ಮುಂದಿನ ಅಧ್ಯಾಯದ ಪ್ರಕಾರ ವೃತ್ತಿಗಿಳಿಯಲು ರಾಜನ ಅನುಮತಿಯೂ ಬೇಕು. ಅಂದರೆ, ಕಲಿತಿದ್ದೇನೆ ಎಂದು ಕಲಿತವನೇ ಹೇಳಿದರೆ ಸಾಲದು.

ಇಂದು ಆ ಅನುಮತಿಗೆ ಆಧಾರವೇನು? ಇದನ್ನು ಬಹುಕಾಲದಿಂದ ಚರ್ಚಿಸುತ್ತಿರುವ ದೇಶಗಳಲ್ಲಿ ಅಮೆರಿಕವೂ ಒಂದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಆರಂಭವಾಯಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್, ತಾವು ಜರ್ಮನಿಯಲ್ಲಿ ಕಂಡಿದ್ದ ಕ್ರಮವನ್ನು ಅನುಸರಿಸಿ ತರಬೇತಿಯನ್ನು ರೂಪಿಸಿದರು. ಶಿಷ್ಯ ಆಸ್ಪತ್ರೆಯಲ್ಲೇ ವಾಸಿಸಬೇಕು. ಜವಾಬ್ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ಗುರು ಸಾಕೆಂದಾಗ ಮುಗಿಯಿತು. 1922ರಲ್ಲಿ ಹಾಲ್‌ಸ್ಟೆಡ್ ತೀರಿಕೊಳ್ಳುವ ಹೊತ್ತಿಗೆ ಕೊನೆಯ ಮೆಟ್ಟಿಲು, ಅಂದರೆ ಮುಖ್ಯ ರೆಸಿಡೆಂಟ್ ಹುದ್ದೆ ತಲುಪಿದ್ದವರು 17 ಮಂದಿ ಮಾತ್ರ.

ಈ ಪದ್ಧತಿ ಗಟ್ಟಿ ಸರ್ಜನ್‌ಗಳನ್ನು ಕೊಟ್ಟಿತು. ವಿಪರೀತ ದುಡಿಮೆಯ ರೂಢಿಯನ್ನೂ ಬೆಳೆಸಿತು. 1984ರಲ್ಲಿ ಜ್ವರವೆಂದು ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಸೇರಿದ 18 ವರ್ಷದ ಲಿಬ್ಬಿ ಜಿಯಾನ್ ಮರುದಿನ ಬೆಳಿಗ್ಗೆ ತೀರಿಕೊಂಡಳು. ಅದು ಶಸ್ತ್ರಚಿಕಿತ್ಸೆಯ ಪ್ರಕರಣವಲ್ಲ. ಆದರೆ ಬಿಡುವಿಲ್ಲದೆ ದುಡಿಯುವ ಕಿರಿಯ ವೈದ್ಯರ ಕೈಗಷ್ಟೇ ರೋಗಿಯನ್ನು ಒಪ್ಪಿಸಬಹುದೆ ಎಂಬ ಚರ್ಚೆ ಎದ್ದಿತು. 2003ರಲ್ಲಿ ದೇಶದಾದ್ಯಂತ ರೆಸಿಡೆಂಟರಿಗೆ ವಾರಕ್ಕೆ 80 ಗಂಟೆಯ ಮಿತಿ ಬಂತು. ಹಿರಿಯರ ಮೇಲ್ವಿಚಾರಣೆಯೂ ಬಿಗಿಯಾಯಿತು.

ಇದು ನ್ಯಾಯವೇ. ಆದರೆ ಗುರು ಸದಾ ಪಕ್ಕದಲ್ಲಿದ್ದರೆ ಶಿಷ್ಯ ಸ್ವತಂತ್ರವಾಗಿ ನಿರ್ಧರಿಸಲು ಕಲಿಯುವುದು ಯಾವಾಗ? ಐದು ವರ್ಷದ ತರಬೇತಿ ಮುಗಿಸಿ ಉನ್ನತ ತರಬೇತಿಗೆ ಬಂದವರ ಬಗ್ಗೆ ಅಲ್ಲಿನ ನಿರ್ದೇಶಕರನ್ನು ಕೇಳಿದ ಸಮೀಕ್ಷೆಯೊಂದು 2013ರಲ್ಲಿ 'ಆನಲ್ಸ್ ಆಫ್ ಸರ್ಜರಿ'ಯಲ್ಲಿ ಪ್ರಕಟವಾಯಿತು. ಅದರಂತೆ ಶೇ 30ರಷ್ಟು ಮಂದಿ ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶ ತೆಗೆಯುವುದನ್ನು ಸ್ವತಂತ್ರವಾಗಿ ಮಾಡಲಾರರು. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಅರ್ಧ ಗಂಟೆ ಒಬ್ಬರೇ ಮುಂದುವರಿಸಲಾರದವರು ಶೇ 66. ಇವು ಕಲಿಸುವವರ ಅಭಿಪ್ರಾಯಗಳು, ರೋಗಿಗಳ ಸಾವುನೋವಿನ ಲೆಕ್ಕವಲ್ಲ. ಆದರೂ ತಳ್ಳಿಹಾಕುವಂಥವಲ್ಲ.

ಕೈಚಳಕ ಒಂದು, ವಿವೇಚನೆ ಇನ್ನೊಂದು. ಪಿತ್ತನಾಳ ಸ್ಪಷ್ಟವಾಗಿ ಕಾಣದಿದ್ದಾಗ ಕತ್ತರಿಸದೆ ನಿಲ್ಲುವುದು, ಹೊಟ್ಟೆ ತೆರೆದೇ ಮುಂದುವರಿಯಲು ನಿರ್ಧರಿಸುವುದು ಪಕ್ಕದಲ್ಲಿ ನಿಂತು ನೋಡಿದ ಮಾತ್ರಕ್ಕೆ ಬರುವುದಿಲ್ಲ. ಆ ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಹೊರಿಸಬೇಕು. ಅಮೆರಿಕದ ಸರ್ಜರಿ ಮಂಡಳಿ 2023ರಲ್ಲಿ ತಂದ ಕ್ರಮದ ತಿರುಳೂ ಇದೇ: ವರ್ಷಗಳನ್ನಷ್ಟೇ ಎಣಿಸದೆ, ಯಾವ ಕೆಲಸವನ್ನು ಎಷ್ಟು ಮೇಲ್ವಿಚಾರಣೆಯಲ್ಲಿ ಈ ವೈದ್ಯರಿಗೆ ಒಪ್ಪಿಸಬಹುದು ಎಂದು ಒಂದೊಂದಾಗಿ ಪರೀಕ್ಷಿಸುವುದು.

ನಮ್ಮಲ್ಲಿ ಎಂ.ಎಸ್. ಮೂರು ವರ್ಷ. 2021ರ ತಂಡದಿಂದ ಅದರಲ್ಲಿ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಳೆಯಬೇಕು. ಅಲ್ಲಿ ಅವರು ಬರೀ ಕೈಯಾಳೋ, ಹೊಣೆ ಕಲಿಯುವ ವೈದ್ಯರೋ ಎಂದು ನಾವು ಕೇಳಬೇಕು. ಹೊಸ ಸರ್ಜನ್ ನಡುರಾತ್ರಿ ಹಿರಿಯರಿಗೆ ಫೋನ್ ಮಾಡಿದರೆ ಅದನ್ನು ಅಸಮರ್ಥತೆ ಎನ್ನದಿರುವುದೂ ನಮ್ಮ ಕರ್ತವ್ಯ. ತನ್ನ ಮಿತಿ ಅರಿತು ಕರೆಯುವುದನ್ನೂ ತರಬೇತಿಯೇ ಕಲಿಸಬೇಕು.