ಪದಬಂಧಪ್ರಿಯರಿಗೆ ಗಣಕದ ನಿಘಂಟು
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಯಲ್ಲಿ ಸೊನ್ನಲಿಗೆಯ ಸಿದ್ಧರಾಮನನ್ನೂ ಜಯದೇವಿತಾಯಿ ಲಿಗಾಡೆಯವರನ್ನೂ ನೆನೆಯುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಬಲ್ಲವರು ಆಗಲೇ ಮಾಡಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಸಣ್ಣದು: ಪದಬಂಧ ಬಿಡಿಸುವವರು ಗಣಕಯಂತ್ರದಲ್ಲಿ ನಿಘಂಟನ್ನು ಇರಿಸಿಕೊಂಡು ಬಳಸುವ ಬಗೆ. ಸಣ್ಣದಾದರೂ ಹಗುರವಾದ ವಿಷಯವೆಂದು ನಾನು ಭಾವಿಸಿಲ್ಲ. ಮನೆಯಲ್ಲಿ ಅಜ್ಜನೂ ಮೊಮ್ಮಗಳೂ ಕೂಡಿ ಕುಳಿತು ಕನ್ನಡದ ಒಂದು ಶಬ್ದಕ್ಕಾಗಿ ತಲೆ ಕೆರೆದುಕೊಳ್ಳುವ ಹೊತ್ತು ದಿನದಲ್ಲಿ ಬೇರೆ ಯಾವುದಿದೆ ಹೇಳಿ?

ಈ ಆಟದ ಹುಟ್ಟು ದೂರದ್ದು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಇದನ್ನು ಮೊದಲು ಪ್ರಕಟಿಸಿದ. ನಮ್ಮ ನಿಘಂಟಿನ ಪಿತಾಮಹರಾದ ಜಿ. ವೆಂಕಟಸುಬ್ಬಯ್ಯನವರು ಜನಿಸಿದ್ದೂ ಅದೇ 1913ರಲ್ಲಿ. ಅವರು 107 ವರ್ಷ ಬಾಳಿ 2021ರಲ್ಲಿ ಕಾಲವಾದರು. ಕನ್ನಡದ ಪತ್ರಿಕೆಗಳು ಈ ಆಟವನ್ನು ಪದಬಂಧವೆಂದು ಕರೆದು ತಮ್ಮದಾಗಿಸಿಕೊಂಡವು. ಅ. ನಾ. ಪ್ರಹ್ಲಾದರಾಯರಂಥವರು ಸಾವಿರಾರು ಪದಬಂಧಗಳನ್ನು ರಚಿಸಿ ಓದುಗರ ಚಟವನ್ನು ಬೆಳೆಸಿದರು. ನೆರೆಯ ಮರಾಠಿಯ ಶಬ್ದಕೋಡೆಯೂ ಇದರ ಒಡಹುಟ್ಟೇ ಎಂಬುದು ಎರಡು ಭಾಷೆಯ ಪತ್ರಿಕೆಗಳೂ ಬರುವ ಮನೆಗಳಿಗೆ ಗೊತ್ತು.

ಪದಬಂಧ ಬಿಡಿಸುವವನಿಗೆ ಅಚ್ಚಾದ ನಿಘಂಟು ಏಕೆ ಸಾಲದು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ದೊಡ್ಡದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅದಕ್ಕಿಂತಲೂ ದೊಡ್ಡದು. ಆದರೆ ಇವೆಲ್ಲ ಮೊದಲನೆಯ ಅಕ್ಷರವನ್ನು ಬಲ್ಲವನಿಗೆ ಮಾತ್ರ ಬಾಗಿಲು ತೆರೆಯುತ್ತವೆ. ನಮಗಾದರೋ ಅಡ್ಡಸಾಲಿನಿಂದ ಬಂದ ಕೊನೆಯ ಅಕ್ಷರ ಗೊತ್ತಿರುತ್ತದೆ, ಇಲ್ಲವೇ ನಡುವಿನದು. ಕೊನೆಯಲ್ಲಿ ‘ಮುದಿ’ ಎಂದು ಬರುವ ಶಬ್ದಗಳನ್ನು ಎಂಟು ಸಂಪುಟಗಳಲ್ಲಿ ಹುಡುಕಲು ಹೊರಟರೆ ಹುಡುಕುವವನೇ ಮುದಿಯಾಗಬೇಕಾದೀತು. ಗಣಕಯಂತ್ರದ ಉಪಕಾರವಿರುವುದು ಇಲ್ಲಿಯೇ: ಅದು ಶಬ್ದವನ್ನು ಯಾವ ತುದಿಯಿಂದ ಬೇಕಾದರೂ ಹಿಡಿಯಬಲ್ಲದು.

ಇದಕ್ಕೆ ಎರಡು ವಸ್ತುಗಳು ಬೇಕು. ಒಂದು, ನಿಘಂಟನ್ನು ತೆರೆದು ತೋರಿಸುವ ತಂತ್ರಾಂಶ. ಇನ್ನೊಂದು, ಅದರೊಳಗೆ ಇಡುವ ನಿಘಂಟು. ಇವೆರಡೂ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಕಪಾಟು ತಂದೊಡನೆ ಪುಸ್ತಕ ಬರುವುದಿಲ್ಲ. ತಂತ್ರಾಂಶಗಳಲ್ಲಿ ಗೋಲ್ಡನ್‌ಡಿಕ್ಟ್ ಎಂಬುದು ಉಚಿತವಾದುದು. ನಿಘಂಟುಗಳಲ್ಲಿ ನಾನು ಮೊದಲು ಹೇಳುವುದು ‘ಅಲರ್’ ಅನ್ನು. ವಿ. ಕೃಷ್ಣ ಎಂಬವರು ಏಕಾಂಗಿಯಾಗಿ ನಾಲ್ಕು ದಶಕಗಳಿಗೂ ಮೀರಿ ದುಡಿದು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಶಬ್ದಗಳಿಗೆ ಇಂಗ್ಲಿಷ್ ಅರ್ಥವನ್ನು ಬರೆದರು. ಕೈಲಾಶ್ ನಾಧ್ ಎಂಬವರು ಅದನ್ನು 2019ರಲ್ಲಿ ಅಂತರಜಾಲಕ್ಕೆ ತಂದು, ಯಾರು ಬೇಕಾದರೂ ಪಡೆದು ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಜೀವಮಾನದ ಗಳಿಕೆಯನ್ನು ಹೀಗೆ ಊರಿನ ಬಾವಿಯಂತೆ ಬಿಟ್ಟುಕೊಟ್ಟವರು ನಮ್ಮ ಕಾಲದಲ್ಲಿ ವಿರಳ.

ಅಳವಡಿಸುವ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ. ತಂತ್ರಾಂಶವನ್ನು ಇಳಿಸಿಕೊಂಡು ಸ್ಥಾಪಿಸಬೇಕು. ಸ್ಟಾರ್‌ಡಿಕ್ಟ್ ಎಂಬ ಮಾದರಿಗೆ ಹೊಂದಿಸಿದ ನಿಘಂಟಿನ ಕಡತಗಳನ್ನು ಒಂದೇ ಫೋಲ್ಡರಿನಲ್ಲಿ ಇಡಬೇಕು. ಒಂದು ನಿಘಂಟಿಗೆ ಮೂರು ನಾಲ್ಕು ಕಡತಗಳಿರುತ್ತವೆ, ಅವನ್ನು ಅಗಲಿಸಬಾರದು. ಬಳಿಕ ತಂತ್ರಾಂಶವನ್ನು ತೆರೆದು ಎಫ್3 ಕೀಲಿಯನ್ನೊತ್ತಿ, ಆ ಫೋಲ್ಡರನ್ನು ತೋರಿಸಿ, ಮರುಶೋಧನೆಯ ಗುಂಡಿಯನ್ನು ಒತ್ತಿದರಾಯಿತು. ಒಮ್ಮೆ ಇಷ್ಟಾದ ಮೇಲೆ ಅಂತರಜಾಲದ ಹಂಗಿಲ್ಲ. ಅದರ ಸಂಪರ್ಕ ಕಡಿದುಹೋದ ಸಂಜೆಯಲ್ಲಿಯೂ ನಿಘಂಟು ತೆರೆದೇ ಇರುತ್ತದೆ.

ಟಂಕಿಸುವ ಕೀಲಿಮಣೆ ಯೂನಿಕೋಡ್ ಕನ್ನಡದ್ದಾಗಿರಬೇಕು. ಹಿಂದಿನ ಕಾಲದ ನುಡಿ, ಬರಹಗಳ ಹಳೆಯ ಅಚ್ಚುಗಳಲ್ಲಿ ಬರೆದದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕನ್ನಡವಲ್ಲ. ಅದನ್ನು ಹಾಕಿ ಹುಡುಕಿದರೆ ಏನೂ ಸಿಗದು. ಅಂತೆಯೇ ಮಹಾಪ್ರಾಣ ತಪ್ಪಿದರೆ, ಶಕಾರ ಸಕಾರ ಅದಲುಬದಲಾದರೆ, ಗೋಲ್ಡನ್‌ಡಿಕ್ಟ್ ಕೈಚೆಲ್ಲುತ್ತದೆ. ಅಲರ್‌ನ ಜಾಲತಾಣ ಮಾತ್ರ ಉಚ್ಚಾರದ ಸಾಮ್ಯವನ್ನು ಹಿಡಿದು ಹುಡುಕುವುದರಿಂದ ಕಾಗುಣಿತ ಕೊಂಚ ಜಾರಿದವರನ್ನೂ ದಡ ಮುಟ್ಟಿಸುತ್ತದೆ. ಕಾಗುಣಿತದಲ್ಲಿ ಸಂದೇಹವಿದ್ದರೆ ಅಲ್ಲಿ, ಶಬ್ದದ ಒಂದು ತುಂಡು ಮಾತ್ರ ಗೊತ್ತಿದ್ದರೆ ಇಲ್ಲಿ ಎಂದು ನಾನು ವಿಂಗಡಿಸಿಕೊಂಡಿದ್ದೇನೆ.

ಈಗ ಮುಖ್ಯವಾದ ತೊಡಕಿಗೆ ಬರುತ್ತೇನೆ. ಈ ತಂತ್ರಾಂಶದಲ್ಲಿ ನಕ್ಷತ್ರಚಿಹ್ನೆ ಎಂದರೆ ‘ಇಲ್ಲಿ ಎಷ್ಟು ಅಕ್ಷರಗಳಾದರೂ ಇರಲಿ’ ಎಂದರ್ಥ. ಪ್ರಶ್ನಚಿಹ್ನೆ ಎಂದರೆ ‘ಇಲ್ಲಿ ಒಂದೇ ಒಂದು’ ಎಂದರ್ಥ. ಇಂಗ್ಲಿಷಿನವರು ಐದು ಮನೆಯ ಶಬ್ದಕ್ಕೆ ಐದು ಪ್ರಶ್ನಚಿಹ್ನೆಗಳನ್ನಿಟ್ಟು ಸುಖವಾಗಿರುತ್ತಾರೆ. ಆದರೆ ನಮ್ಮ ಅಕ್ಷರ ಬೇರೆ, ಯಂತ್ರ ಎಣಿಸುವ ಸಂಕೇತ ಬೇರೆ. ‘ಕನ್ನಡ’ ನಮಗೆ ಮೂರು ಮನೆ. ಯಂತ್ರಕ್ಕೆ ಐದು ಸಂಕೇತ, ಏಕೆಂದರೆ ನಕಾರ, ಅದರ ಹಲಂತ, ಒತ್ತಿನ ನಕಾರ ಇವು ಮೂರನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದೇ ಮನೆ, ಅದಕ್ಕೆ ಆರು. ‘ಬೆಳದಿಂಗಳು’ ಐದು ಮನೆ, ಒಂಬತ್ತು ಸಂಕೇತ. ಅದೇ ಅರ್ಥದ ‘ಜ್ಯೋತ್ಸ್ನೆ’ ಎರಡೇ ಮನೆ, ಹತ್ತು ಸಂಕೇತ! ಯಂತ್ರದ ಕಣ್ಣಿಗೆ ಎರಡನೆಯದೇ ಉದ್ದ. ಆದುದರಿಂದ ಕನ್ನಡದಲ್ಲಿ ಪ್ರಶ್ನಚಿಹ್ನೆಯನ್ನು ನಂಬಬೇಡಿರಿ, ನಕ್ಷತ್ರವನ್ನೇ ಹಿಡಿಯಿರಿ.

ಉದಾಹರಣೆಗೆ, ಸುಳಿವು ‘ಬೆಳದಿಂಗಳು’, ಮನೆ ಮೂರು ಎಂದಿಟ್ಟುಕೊಳ್ಳೋಣ. ‘ಚಂದ್ರಿಕೆ’ ಕೂಡಲೇ ಹೊಳೆಯುತ್ತದೆ. ಆದರೆ ಮೇಲಿನಿಂದ ಇಳಿದ ಸಾಲು ಕೊನೆಯಲ್ಲಿ ‘ದಿ’ ಕೊಟ್ಟಿದೆ. ನಕ್ಷತ್ರವನ್ನಿಟ್ಟು ‘ದಿ’ ಬರೆದರೆ ಬಹಳ ಉದ್ದದ ಪಟ್ಟಿ ಬಂದು ಬೇಸರವಾಗುತ್ತದೆ. ಇನ್ನೊಂದು ಸಾಲನ್ನು ಬಿಡಿಸಿ ನಡುವಿನ ‘ಮು’ ಸಿಕ್ಕಿದ ಮೇಲೆ ನಕ್ಷತ್ರದ ಮುಂದೆ ‘ಮುದಿ’ ಎಂದು ಬರೆಯಿರಿ. ಪಟ್ಟಿ ಕಿರಿದಾಗಿ, ‘ಕೌಮುದಿ’ ತಾನಾಗಿ ಎದ್ದು ನಿಲ್ಲುತ್ತದೆ. ಮನೆಗಳನ್ನು ಎಣಿಸುವ ಕೆಲಸ ಮಾತ್ರ ನಮ್ಮದೇ. ಒಂದು ಎಚ್ಚರಿಕೆ: ಕೊನೆಯ ಮನೆಯಲ್ಲಿ ಬರಿಯ ‘ಕ’ ಇದೆಯೆಂದು ಹುಡುಕಿದರೆ ‘ಪಕ್ಕ’ವೂ ಬರುತ್ತದೆ, ಮೊದಲ ಮನೆಯ ‘ಕ’ ಎಂದರೆ ‘ಕ್ಷಮೆ’ಯೂ ‘ಕಾಗೆ’ಯೂ ಬರುತ್ತವೆ. ಒತ್ತು, ಗುಣಿತಗಳನ್ನು ಯಂತ್ರ ಬಾಲದಂತೆ ಹಿಂದೆ ಕಟ್ಟುವುದೇ ಇದಕ್ಕೆ ಕಾರಣ. ಇವನ್ನು ಜರಡಿಯಾಡುವುದು ಮಕ್ಕಳಿಗೆ ಒಳ್ಳೆಯ ಪಾಠ. ಶಾಲೆಯಲ್ಲಿ ಸಂಯುಕ್ತಾಕ್ಷರವನ್ನು ಇಷ್ಟು ಪ್ರೀತಿಯಿಂದ ಯಾರೂ ಕಲಿತದ್ದನ್ನು ನಾನು ಕಂಡಿಲ್ಲ.

ಇದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಪೆನ್ಸಿಲು ಅರ್ಧ ಗಂಟೆ ಕದಲದೆ ನಿಂತ ಮೇಲೆ ನಿಘಂಟು ತೆರೆಯುವುದು ಮೋಸವಲ್ಲ, ಅಭ್ಯಾಸ. ಮೊದಲ ಸುಳಿವಿಗೇ ಯಂತ್ರದತ್ತ ಓಡುವವನು ಮೋಸಗೊಳಿಸುವುದು ತನ್ನನ್ನೇ. ಅಲ್ಲದೆ ಪುರಾಣದ ಹೆಸರು, ಚಲನಚಿತ್ರದ ಹೆಸರು, ಊರ ಹೆಸರುಗಳಿಗೆ ನಿಘಂಟು ಅಷ್ಟಾಗಿ ಉಪಯೋಗವಿಲ್ಲ. ಅಲ್ಲಿ ಅಜ್ಜಿಯೇ ಗತಿ.

ಇನ್ನು ನಮ್ಮ ಸೀಮೆಗೇ ಸೇರಿದ ಮಾತು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಪದಬಂಧಕ್ಕೆ ಕುಳಿತಿದ್ದಾಳೆ ಎನ್ನೋಣ. ಸುಳಿವು: ‘ಹೆಚ್ಚಿದರೆ ಕಣ್ಣೀರು ತರಿಸುವ ಗಡ್ಡೆ’, ಮನೆ ಮೂರು. ಅವಳಿಗೆ ಗೊತ್ತಿರುವುದು ಉಳ್ಳಾಗಡ್ಡಿ. ಅದಕ್ಕೆ ನಾಲ್ಕು ಮನೆ ಬೇಕು. ಬೆಂಗಳೂರಿನಲ್ಲಿ ಕುಳಿತು ಪದಬಂಧ ಹೆಣೆದವರ ಮನಸ್ಸಿನಲ್ಲಿ ಇದ್ದುದು ಈರುಳ್ಳಿ. ಮಗು ಪೆನ್ಸಿಲನ್ನು ಕೆಳಗಿಟ್ಟು, ‘ಅವ್ವಾ, ನಾವು ಮಾತಾಡೂದು ತಪ್ಪು ಕನ್ನಡೇನ?’ ಎಂದು ಕೇಳಿದರೆ ನಾವು ಏನು ಹೇಳೋಣ? ಸೇಂಗಾ, ಪಗಾರ, ಸೋವಿ, ತುಟ್ಟಿ ಇವೆಲ್ಲ ಈ ಪ್ರಶ್ನೆಯ ನೆರಳಿನಲ್ಲಿಯೇ ಬದುಕುತ್ತಿರುವ ಶಬ್ದಗಳು. ಪುಣೆಯ ಬಾಲಭಾರತಿ ಅಚ್ಚುಮಾಡುವ ಕನ್ನಡ ಪಠ್ಯಪುಸ್ತಕವನ್ನು ಓದಿ, ಅಂಗಡಿಯಲ್ಲಿ ಮರಾಠಿಯಾಡಿ, ಮನೆಗೆ ಬಂದು ಅವ್ವನ ಕನ್ನಡವಾಡುವ ಮಗುವಿಗೆ ತನ್ನ ಮನೆಯ ಶಬ್ದವೂ ಎಲ್ಲಿಯೋ ಬರೆದಿಟ್ಟಿದೆ ಎಂಬ ಧೈರ್ಯ ಬೇಕು.

ಈ ಧೈರ್ಯವನ್ನು ಅದೇ ತಂತ್ರಾಂಶ ಕೊಡಬಲ್ಲದು. ನಾವೇ ಬರೆದ ಪಟ್ಟಿಯನ್ನೂ ಅದು ನಿಘಂಟೆಂದು ಸ್ವೀಕರಿಸುತ್ತದೆ. ಡಿಎಸ್‌ಎಲ್ ಎಂಬ ಸರಳ ಮಾದರಿಯ ಕಡತ ಸಾಕು: ಆರಂಭದಲ್ಲಿ ನಿಘಂಟಿನ ಹೆಸರು, ಭಾಷೆಗಳನ್ನು ತಿಳಿಸುವ ಎರಡು ಮೂರು ಸಾಲು; ಅನಂತರ ಒಂದು ಸಾಲಿನಲ್ಲಿ ಶಬ್ದ, ಅದರ ಕೆಳಗೆ ಕೊಂಚ ಒಳಕ್ಕೆ ಸರಿಸಿ ಅರ್ಥ; ಮತ್ತೆ ಶಬ್ದ, ಮತ್ತೆ ಅರ್ಥ. ಇದನ್ನು ಅಲರ್ ಇರುವ ಫೋಲ್ಡರಿನಲ್ಲಿಯೇ ಇಟ್ಟು ಮರುಶೋಧನೆ ಮಾಡಿದರೆ, ಒಂದೇ ಕಿಟಕಿಯಲ್ಲಿ ಕೃಷ್ಣ ಅವರ ಅರ್ಥದ ಪಕ್ಕದಲ್ಲಿ ಅಕ್ಕಲಕೋಟೆಯ ಅಜ್ಜಿಯ ಅರ್ಥವೂ ಕಾಣುತ್ತದೆ. ‘ಈರುಳ್ಳಿ’ ಎಂದು ಹುಡುಕಿದವನಿಗೆ ‘ಉಳ್ಳಾಗಡ್ಡಿ’ ಸಿಗುವಂತೆಯೂ, ಅದರ ತಿರುಗುಮುರುಗಾಗಿಯೂ ಬರೆಯಬಹುದು. ಶಬ್ದದೊಡನೆ ಅದರ ಮನೆಗಳ ಸಂಖ್ಯೆಯನ್ನೂ ಬರೆದಿಟ್ಟರೆ ಯಂತ್ರಕ್ಕೆ ಬಾರದ ಎಣಿಕೆಯನ್ನು ನಾವೇ ಅದಕ್ಕೆ ಕಲಿಸಿದಂತಾಗುತ್ತದೆ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಗೆರೆ ಹಾಕಿದ ವಹಿಯನ್ನು ಇಟ್ಟಿದ್ದೇವೆ. ಹೋಗುವಾಗ ಪ್ರತಿಯೊಂದು ಮನೆಯವರೂ ನಿಮ್ಮ ಅಡುಗೆಮನೆಯದೋ ಹೊಲದ್ದೋ ಒಂದು ಶಬ್ದ, ಅದರ ಅರ್ಥ, ಎಷ್ಟು ಮನೆ ಎಂಬುದನ್ನು ಅದರಲ್ಲಿ ಬರೆಯಬೇಕೆಂದು ಪ್ರಾರ್ಥನೆ. ಬರೆಯಲು ಬಾರದ ಹಿರಿಯರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ‘ಉಳ್ಳಾಗಡ್ಡಿ’ಯನ್ನು ಮೊದಲ ಸಾಲಿನಲ್ಲಿ ನಾನೇ ಬರೆದಿದ್ದೇನೆ, ಎರಡನೆಯ ಸಾಲಿನಿಂದ ಆರಂಭಿಸಬಹುದು.